ಸಣ್ಣಕಥೆಯ ಅಂಗಗಳು: ‘ರಂಗನ ಮದುವೆ’ಯನ್ನು ಆಧರಿಸಿದ ಒಂದು ವಿವೇಚನೆ

ಸಣ್ಣಕಥೆಯ ಲಕ್ಷಣವನ್ನು ಬರೆಯಿರೆಂದರೆ ನಮ್ಮ ವಿದ್ಯಾರ್ಥಿಗಳು ವಸ್ತು, ಪಾತ್ರ, ಆವರಣ, ಸಂಘರ್ಷ, ಪರಾಕಾಷ್ಠೆ, ಮುಕ್ತಾಯ ಎಂದು ಆರೇಳು ಹೆಸರುಗಳನ್ನು ಒಪ್ಪಿಸಿಬಿಡುವುದು ವಾಡಿಕೆಯಾಗಿದೆ. ಹೆಸರುಗಳು ತಪ್ಪಲ್ಲ. ಆದರೆ ಹೆಸರನ್ನು ತಿಳಿದ ಮಾತ್ರಕ್ಕೆ ಕಥೆಯನ್ನು ಓದಿದಂತಾಗುವುದಿಲ್ಲ. ಈ ಪರಿಭಾಷೆ ಯಾವುದಕ್ಕಾಗಿ ಹುಟ್ಟಿತು, ಅದನ್ನು ಬಿಟ್ಟರೆ ಓದುಗನಿಗೆ ಯಾವ ನಷ್ಟ ಒದಗುತ್ತದೆ ಎಂಬುದನ್ನು ಒಂದು ಕಥೆಯ ಮೂಲಕವೇ ಪರಿಶೀಲಿಸುವುದು ಪ್ರಕೃತ ಲೇಖನದ ಉದ್ದೇಶ.

ಉದಾಹರಣೆಗಾಗಿ ನಾವು ದೂರ ಹೋಗಬೇಕಾಗಿಲ್ಲ. ಕನ್ನಡ ಸಣ್ಣಕಥೆಗೆ ಒಂದು ನಿಶ್ಚಿತವಾದ ರೂಪವನ್ನು ಕೊಟ್ಟ ಮಾಸ್ತಿ ವೆಂಕಟೇಶ ಅಯ್ಯಂಗಾರ್ಯರು 1891ರಲ್ಲಿ ಹುಟ್ಟಿದ್ದು ಕೋಲಾರ ಜಿಲ್ಲೆಯ ಮಾಲೂರು ತಾಲ್ಲೂಕಿಗೆ ಸೇರಿದ ಹುಂಗೇನಹಳ್ಳಿಯಲ್ಲಿ. ಅವರ ಹೆಸರಿನೊಡನೆ ಬಂದ ಮಾಸ್ತಿ ಗ್ರಾಮವೂ ಅದೇ ತಾಲ್ಲೂಕಿನದು. ‘ಶ್ರೀನಿವಾಸ’ ಎಂಬ ಕಾವ್ಯನಾಮದಿಂದ ಬರೆದ ಅವರ ಮೊದಲ ಸಂಗ್ರಹ ‘ಕೆಲವು ಸಣ್ಣಕಥೆಗಳು’ 1920ರಲ್ಲಿ ಹೊರಬಂದಿತು. ಅವರ ಸಣ್ಣಕಥೆಗಳಿಗೆ 1968ರ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಸಂದಿತು. ‘ರಂಗನ ಮದುವೆ’ ಅವರ ಮೊದಮೊದಲಿನ ಕಥೆಗಳಲ್ಲಿ ಒಂದು.

ಮೊದಲು ಕಥೆಗೂ ಸಣ್ಣಕಥೆಗೂ ಇರುವ ಭೇದವನ್ನು ಗುರುತಿಸಬೇಕು. ಕಥೆ ಹೇಳುವುದು ಕನ್ನಡಕ್ಕೆ ಹೊಸತೇನೂ ಅಲ್ಲ. ‘ವಡ್ಡಾರಾಧನೆ’ಯಲ್ಲಿ ಕಥೆಗಳಿವೆ; ದುರ್ಗಸಿಂಹನ ‘ಪಂಚತಂತ್ರ’ದಲ್ಲಿ ಇವೆ; ಮುಳಬಾಗಿಲು, ಶ್ರೀನಿವಾಸಪುರಗಳ ಕಡೆಯ ಮನೆಗಳಲ್ಲಿ ಕನ್ನಡ ತೆಲುಗುಗಳೆರಡರಲ್ಲಿಯೂ ಅಜ್ಜಿಯರು ಹೇಳಿದ ಕಥೆಗಳಿವೆ. ಇಲ್ಲೆಲ್ಲ ಒಂದು ಘಟನೆಯಿಂದ ಇನ್ನೊಂದು ಹುಟ್ಟಿ, ಉಪಕಥೆಗಳು ಕವಲೊಡೆದು, ನೀತಿಯಲ್ಲಿಯೋ ಫಲಶ್ರುತಿಯಲ್ಲಿಯೋ ಪರ್ಯವಸಾನವಾಗುವುದುಂಟು. ಸಣ್ಣಕಥೆಯ ಮಾರ್ಗ ಬೇರೆ. ಅಮೆರಿಕದ ಎಡ್ಗರ್ ಆಲನ್ ಪೋ 1842ರಲ್ಲಿ ಹಾಥಾರ್ನನ ಕಥೆಗಳನ್ನು ವಿಮರ್ಶಿಸುತ್ತ ಅದರ ಮುಖ್ಯ ಧರ್ಮವನ್ನು ಸೂಚಿಸಿದನು: ಒಂದೇ ಆಸನದಲ್ಲಿ ಓದಿ ಮುಗಿಸಬಹುದಾದ ಬರವಣಿಗೆಯಲ್ಲಿ ಪ್ರತಿಯೊಂದು ಮಾತೂ ಒಂದೇ ಪರಿಣಾಮದ ಕಡೆಗೆ ದುಡಿಯಬೇಕು. ಕನ್ನಡದಲ್ಲಿ ಈ ಹೊಸ ಬಗೆಯ ಬರವಣಿಗೆಯನ್ನು ಮಾಸ್ತಿಯವರಿಗಿಂತ ಮುಂಚೆ ಮಂಗಳೂರಿನ ಪಂಜೆ ಮಂಗೇಶರಾಯರು ಪ್ರಾರಂಭಿಸಿದ್ದರೆಂಬುದನ್ನೂ ಇಲ್ಲಿ ನೆನೆಯತಕ್ಕದ್ದು.

ಸಣ್ಣಕಥೆಯನ್ನು ವ್ಯಕ್ತಿಚಿತ್ರದಿಂದಲೂ ಬೇರ್ಪಡಿಸಿ ನೋಡಬೇಕು. ಮುಳಬಾಗಿಲಿನಲ್ಲಿ ಜನಿಸಿದ ಡಿ.ವಿ. ಗುಂಡಪ್ಪನವರ ‘ಜ್ಞಾಪಕ ಚಿತ್ರಶಾಲೆ’ಯಲ್ಲಿ ಬರುವ ಮಹನೀಯರೂ ಸಾಮಾನ್ಯರೂ ಕಥೆಯ ಪಾತ್ರಗಳಷ್ಟೇ ಜೀವಂತರು. ಆದರೂ ಅಲ್ಲಿ ಲೇಖಕರು ಬದುಕಿದ್ದವರ ವಿಷಯಕ್ಕೆ ಸಾಕ್ಷಿಯಾಗಿ ನಿಂತು ತಾವು ಕಂಡುಕೇಳಿದ್ದನ್ನು ಹೇಳುತ್ತಾರೆ. ಸಣ್ಣಕಥೆಯಲ್ಲಿ ಸಾಕ್ಷಿಯೂ ಕಲ್ಪಿತನೇ. ಈ ಅಂಶದ ಮಹತ್ತ್ವ ಮುಂದೆ ತಿಳಿಯುವುದು.

ಇನ್ನು ಅಂಗಗಳನ್ನು ಒಂದೊಂದಾಗಿ ನೋಡೋಣ. ಮೊದಲನೆಯದು ಸಂವಿಧಾನ. ‘ಕೆರೆ ಬತ್ತಿತು, ಬಳಿಕ ಬಸವನು ಊರು ಬಿಟ್ಟನು’ ಎಂದರೆ ಘಟನೆಗಳ ಅನುಕ್ರಮ ಮಾತ್ರ. ‘ಕೆರೆ ಬತ್ತಿದ್ದರಿಂದ ಬಸವನು ಊರು ಬಿಟ್ಟನು’ ಎಂದರೆ ಅಲ್ಲಿ ಕಾರ್ಯಕಾರಣ ಸಂಬಂಧ ಸೇರಿತು, ಅದೇ ಸಂವಿಧಾನ. ‘ರಂಗನ ಮದುವೆ’ಯ ಸಂವಿಧಾನ ಸರಳವಾದುದು. ಬೆಂಗಳೂರಿನಲ್ಲಿ ಓದಿ ಹೊಸಹಳ್ಳಿಗೆ ಮರಳಿದ ರಂಗನು, ಬುದ್ಧಿ ಬಲಿತ ಹೆಣ್ಣನ್ನು ತಾನೇ ಮೆಚ್ಚಿ ಮದುವೆಯಾಗಬೇಕಲ್ಲದೆ ಚಿಕ್ಕ ಹುಡುಗಿಯನ್ನು ಕಟ್ಟಿಕೊಳ್ಳಲಾರೆನೆನ್ನುತ್ತಾನೆ. ಊರಿನ ಹಿರಿಯನಾದ ಶ್ಯಾಮನು ಅವನಿಗೆ ಮದುವೆ ಮಾಡಿಸಲೇಬೇಕೆಂದು ಸಂಕಲ್ಪಿಸುತ್ತಾನೆ. ರಾಮರಾಯರ ಮನೆಗೆ ಬಂದಿರುವ, ತಂದೆತಾಯಿಗಳಿಲ್ಲದ, ಹನ್ನೊಂದು ವರ್ಷದ ರತ್ನಳನ್ನು ತನ್ನ ಮನೆಗೆ ಕರೆಸಿ, ಅವಳು ಹಾಡುತ್ತಿರುವಾಗಲೇ ರಂಗನೂ ಬರುವಂತೆ ಮಾಡುತ್ತಾನೆ. ರಂಗನ ಮನಸ್ಸು ಅವಳ ಕಡೆ ತಿರುಗಿದುದನ್ನು ಕಂಡು, ಅವಳಿಗೆ ಆಗಲೇ ಮದುವೆಯಾಗಿದೆಯೆಂದು ಸುಳ್ಳು ಹೇಳುತ್ತಾನೆ. ಬಳಿಕ ಮೊದಲೇ ಪಾಠ ಹೇಳಿಕೊಟ್ಟಿದ್ದ ಶಾಸ್ತ್ರಿಗಳ ಜ್ಯೋತಿಷ್ಯದ ಮೂಲಕ ರತ್ನಳ ಹೆಸರನ್ನು ಹೊರಡಿಸುತ್ತಾನೆ. ಕೊನೆಯಲ್ಲಿ ರಂಗನು ಸಂಸಾರಿಯಾಗಿ, ತನ್ನ ಮಗನಿಗೆ ಶ್ಯಾಮನೆಂದೇ ಹೆಸರಿಟ್ಟಿರುತ್ತಾನೆ.

ಇಲ್ಲಿ ಸಂಘರ್ಷವೆಂದರೆ ಹೊಡೆದಾಟವಲ್ಲ. ಎರಡು ಇಚ್ಛೆಗಳ ಎದುರಾಟ. ಪರಾಕಾಷ್ಠೆ ಎಲ್ಲಿದೆ? ಮದುವೆಯಲ್ಲಿ ಎಂದು ಹಲವರು ಬರೆಯುತ್ತಾರೆ. ಮದುವೆ ಫಲವೇ ಹೊರತು ತಿರುವಲ್ಲ. ರತ್ನಳಿಗೆ ಮದುವೆಯಾಗಿದೆಯೆಂದು ಕೇಳಿದೊಡನೆ ರಂಗನ ಮುಖ ಬಾಡುತ್ತದೆಯಲ್ಲ, ಅಲ್ಲಿಯೇ ಅವನ ಸಿದ್ಧಾಂತ ಸೋತುಹೋಯಿತು. ಉಳಿದುದೆಲ್ಲ ನಿರ್ವಹಣ. ಧನಂಜಯನ ‘ದಶರೂಪಕ’ದಲ್ಲಿ ವಸ್ತು, ನೇತೃ, ರಸ ಎಂಬ ವಿಭಾಗವೂ ಮುಖದಿಂದ ನಿರ್ವಹಣದವರೆಗಿನ ಐದು ಸಂಧಿಗಳೂ ನಾಟಕಕ್ಕಾಗಿ ಹೇಳಲ್ಪಟ್ಟವು. ಅವು ಸಣ್ಣಕಥೆಗೆ ಪೂರ್ತಿಯಾಗಿ ಹೊಂದದಿದ್ದರೂ, ತಿರುವು ಬೇರೆ ಫಲಪ್ರಾಪ್ತಿ ಬೇರೆ ಎಂಬ ವಿವೇಕವನ್ನು ನಮಗೆ ಕಲಿಸುತ್ತವೆ.

ಪಾತ್ರಗಳಲ್ಲಿ ಬದಲಾಗುವವು, ಬದಲಾಗದವು ಎಂದು ಎರಡು ಬಗೆ. ರಂಗನು ಬದಲಾಗುತ್ತಾನೆ, ಶಾಸ್ತ್ರಿಗಳು ಬದಲಾಗುವುದಿಲ್ಲ, ಬದಲಾಗಬೇಕಾಗಿಯೂ ಇಲ್ಲ. ಆವರಣವೆಂದರೆ ಕೇವಲ ಊರಿನ ವರ್ಣನೆಯಲ್ಲ. ಇಂಗ್ಲಿಷ್ ಓದಿ ಬಂದ ಹುಡುಗನ ಜನಿವಾರ ಉಳಿದಿದೆಯೇ ಎಂದು ಮುದುಕಿಯೊಬ್ಬಳು ತಡವಿ ನೋಡುವ ಊರು ಹೊಸಹಳ್ಳಿ. ಅಂತಹ ಊರಿನಲ್ಲದೆ ಬೇರೆಡೆಯಲ್ಲಿ ಈ ಸಂಘರ್ಷ ಹುಟ್ಟುತ್ತಿರಲಿಲ್ಲ. ಕಾಲವೂ ಆವರಣದ ಭಾಗವೇ. ಮೈಸೂರು ಸಂಸ್ಥಾನವು 1894ರಲ್ಲಿ ಮಾಡಿದ ಶಾಸನ ಎಂಟು ವರ್ಷ ತುಂಬದ ಹೆಣ್ಣುಮಕ್ಕಳ ಮದುವೆಯನ್ನು ನಿಷೇಧಿಸಿತ್ತು. ಬ್ರಿಟಿಷ್ ಇಂಡಿಯಾದಲ್ಲಿ ಹೆಣ್ಣಿಗೆ 14, ಗಂಡಿಗೆ 18 ಎಂದು ವಯೋಮಿತಿಯನ್ನು ವಿಧಿಸಿದ ಶಾರದಾ ಕಾಯಿದೆ ಬಂದದ್ದು 1929ರಲ್ಲಿ, ಈ ಕಥೆ ಅಚ್ಚಾದ ಎಷ್ಟೋ ವರ್ಷಗಳ ಮೇಲೆ. ಅಂದಮೇಲೆ ಹನ್ನೊಂದು ವರ್ಷದ ರತ್ನಳ ಮದುವೆ ಆ ಸಂಸ್ಥಾನದ ಕಾನೂನಿಗೆ ವಿರುದ್ಧವಾಗಿರಲಿಲ್ಲ.

ಈ ಘಟ್ಟದಲ್ಲಿಯೇ ಪರಿಭಾಷೆ ನಿಜವಾಗಿ ಕೆಲಸಕ್ಕೆ ಬರುತ್ತದೆ. ಈ ಕಥೆಯನ್ನು ಇಂದು ಓದಿದ ವಿದ್ಯಾರ್ಥಿನಿಯೊಬ್ಬಳು ‘ಮಾಸ್ತಿಯವರು ಬಾಲ್ಯವಿವಾಹವನ್ನು ಸಮರ್ಥಿಸುತ್ತಾರೆ’ ಎಂದು ಬರೆದರೆ ಅಧ್ಯಾಪಕರು ಏನು ಹೇಳಬೇಕು? ಅವಳ ಅಸಮಾಧಾನ ನ್ಯಾಯವಾದುದು. ಅದನ್ನು ‘ಕಾಲಧರ್ಮ’ವೆಂದು ತಳ್ಳಿಹಾಕುವುದು ಸಲ್ಲದು. ಆದರೆ ಅವಳು ಒಂದು ಮೆಟ್ಟಿಲನ್ನು ದಾಟಿಬಿಟ್ಟಿದ್ದಾಳೆ. ಕಥೆಯನ್ನು ಹೇಳುವವನು ಶ್ಯಾಮನೇ ಹೊರತು ಮಾಸ್ತಿಯವರಲ್ಲ. ನಿರೂಪಕ ಬೇರೆ, ಕಥೆಗಾರ ಬೇರೆ. ಹೊಸಹಳ್ಳಿ ಭೂಪಟದಲ್ಲಿಲ್ಲವೆಂದು ನೊಂದುಕೊಳ್ಳುವ, ತನ್ನ ಉಪಾಯಕ್ಕೆ ತಾನೇ ಹಿಗ್ಗುವ ಈ ಹರಟೆಯ ಮುದುಕನನ್ನು ಕಥೆಗಾರನು ನಮ್ಮ ಮುಂದೆ ಕೂರಿಸಿ ಮಾತನಾಡಿಸುತ್ತಾನೆ. ಶ್ಯಾಮನು ರಂಗನನ್ನು ವಾದದಿಂದ ಗೆಲ್ಲಲಿಲ್ಲ. ಒಂದು ಹಾಡಿನಿಂದಲೂ ಒಂದು ಸುಳ್ಳಿನಿಂದಲೂ ಗೆದ್ದನು. ಬಾಲ್ಯವಿವಾಹದ ವಿರುದ್ಧ ರಂಗನು ಆಡಿದ ಮಾತು ಉತ್ತರವಿಲ್ಲದೆ ಹಾಗೆಯೇ ಉಳಿದಿದೆ. ರತ್ನಳ ಮನಸ್ಸಿನಲ್ಲಿ ಏನಿತ್ತೆಂಬುದನ್ನು ಶ್ಯಾಮನು ತೆರೆದು ತೋರಿಸಲಾರನು. ನಮ್ಮ ಕಿವಿಗೆ ಬೀಳುವುದು ಅವಳ ಹಾಡು ಮಾತ್ರ. ನಿರೂಪಕನ ಕಣ್ಣಿಗೆ ಕಾಣದುದನ್ನು ಓದುಗನು ಕಾಣುವುದಕ್ಕೆ ಎಡೆಯಿರುವುದನ್ನೇ ನಮ್ಮ ಆಲಂಕಾರಿಕರ ಮಾತನ್ನು ಬಳಸಿ ಧ್ವನಿ ಎನ್ನಬಹುದು.

ಇಷ್ಟರಿಂದ ಕಥೆಗಾರನು ಸುಧಾರಕನೆಂದು ಸಾಧಿಸಿದಂತಾಗುವುದಿಲ್ಲ. ಕಥೆಯ ನಗೆ ಶ್ಯಾಮನ ಪಕ್ಷದಲ್ಲಿಯೇ ಇದೆ. ಕೊನೆಯ ಸಂತೋಷವೂ ಅವನದೇ. ವಿದ್ಯಾರ್ಥಿನಿಯ ಆಕ್ಷೇಪಣೆ ಹಾಗೆಯೇ ನಿಲ್ಲಬಹುದು. ಆದರೆ ಈಗ ಅದು ಕಥೆಯ ಯಾವ ಭಾಗಕ್ಕೆ, ಯಾರ ಮಾತಿಗೆ, ಯಾವ ಮೌನಕ್ಕೆ ಸಂಬಂಧಿಸಿದ್ದೆಂದು ಅವಳು ಬೆರಳಿಟ್ಟು ತೋರಿಸಬಲ್ಲಳು. ದೂರು ವಿಮರ್ಶೆಯಾಗುವುದು ಹೀಗೆ.

ಹೋಲಿಕೆಗಾಗಿ ಅದೇ ಲೇಖಕರ ‘ಮೊಸರಿನ ಮಂಗಮ್ಮ’ನನ್ನು ತೆಗೆದುಕೊಳ್ಳಬಹುದು. ಅಲ್ಲಿ ಕಥೆಯನ್ನು ಹೇಳುವವಳು ಮಂಗಮ್ಮನಿಂದ ಮೊಸರು ಕೊಳ್ಳುವ ಬೆಂಗಳೂರಿನ ಗೃಹಿಣಿ. ಮೊಮ್ಮಗನನ್ನು ಹೊಡೆದದ್ದಕ್ಕಾಗಿ ಸೊಸೆಯೊಡನೆ ಜಗಳವಾಡಿ ಬೇರೆಯಾದ ಮಂಗಮ್ಮನ ಅಳಲನ್ನು ಆಕೆ ಕೇಳುತ್ತಾಳೆ. ಬಳಿಕ ಸೊಸೆಯ ಮಾತನ್ನೂ ಕೇಳುತ್ತಾಳೆ. ಶ್ಯಾಮನು ಉಪಾಯ ಹೂಡಿದನು. ಈ ಗೃಹಿಣಿ ಕಿವಿಗೊಟ್ಟಳು. ಒಂದರಲ್ಲಿ ಹೆಣ್ಣಿನ ಮನಸ್ಸು ಮುಚ್ಚಿದಂತೆಯೇ ಉಳಿಯಿತು, ಇನ್ನೊಂದರಲ್ಲಿ ಅತ್ತೆ ಸೊಸೆ ಇಬ್ಬರ ಮನಸ್ಸೂ ತೆರೆಯಿತು. ನಿರೂಪಕರು ಬದಲಾದರೆ ಕಥೆಯ ಸತ್ಯವೇ ಬದಲಾಗುವುದೆಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನ ಬೇಕಾಗಿಲ್ಲ.

ಆದುದರಿಂದ ಪರಿಭಾಷೆಯನ್ನು ಪಟ್ಟಿಯಾಗಿ ಕಲಿಸದೆ ಪ್ರಶ್ನೆಗಳಾಗಿ ಕಲಿಸುವುದು ಲೇಸು. ಏನು ನಡೆಯಿತು, ಏಕೆ ನಡೆಯಿತು, ಎಲ್ಲಿ ತಿರುಗಿತು, ಯಾರು ಹೇಳುತ್ತಿದ್ದಾರೆ, ಅವರು ಏನನ್ನು ಕಾಣರು? ಈ ಐದನ್ನು ಕೇಳಿಕೊಂಡು ಓದಿದ ವಿದ್ಯಾರ್ಥಿಗೆ ಲಕ್ಷಣಗಳ ಹೆಸರು ಮರೆತರೂ ಚಿಂತೆಯಿಲ್ಲ. ಕೇಳದೆ ಓದಿದವನಿಗೆ ಹೆಸರುಗಳೆಲ್ಲ ನೆನಪಿದ್ದರೂ ಕಥೆ ಕೈಗೆ ಸಿಕ್ಕುವುದಿಲ್ಲ.