ದಾರಿಯಲ್ಲಿ ಕಂಡ ಹೊಸ ಹುಳು: ಗುರುತು ಮತ್ತು ಹತೋಟಿ

ಸಂತೆಗೋ ನೆಂಟರ ಊರಿಗೋ ಹೋಗುವಾಗ ಹಾದಿಬದಿಯ ಹೊಲದಲ್ಲಿ ಹಿಂದೆಂದೂ ಕಾಣದ ಹುಳು ಕಣ್ಣಿಗೆ ಬಿದ್ದರೆ ರೈತ ಬಾಂಧವರು ಅಲಕ್ಷಿಸಬಾರದು. 2018ರ ಮೇ ತಿಂಗಳಲ್ಲಿ ಶಿವಮೊಗ್ಗ ಭಾಗದ ಗೋವಿನಜೋಳದಲ್ಲಿ ಕಂಡ ಇಂಥದೊಂದು ಹುಳುವೇ ಫಾಲ್ ಸೈನಿಕ ಹುಳು. ಭಾರತದಲ್ಲಿ ಅದೇ ಇದರ ಮೊದಲ ವರದಿ. ಅಮೆರಿಕ ಖಂಡದ ಈ ಕೀಟ 2016ರಲ್ಲಿ ಆಫ್ರಿಕದಲ್ಲಿ ಕಾಣಿಸಿಕೊಂಡಿತ್ತು. ಪತಂಗ ಒಂದೇ ರಾತ್ರಿಯಲ್ಲಿ ಸುಮಾರು 100 ಕಿ.ಮೀ. ಹಾರಬಲ್ಲದು. ಗೋವಿನಜೋಳ ಇದರ ಮೆಚ್ಚಿನ ಆಹಾರವಾದರೂ ಜೋಳವನ್ನು ಬಿಡದು. ಆದ್ದರಿಂದ ಜೋಳವನ್ನೇ ನಂಬಿದ ಮೋರಟಗಿ, ಸಿಂದಗಿ, ಇಂಡಿ ಭಾಗದ ರೈತರು ಇದನ್ನು ಗುರುತಿಸಲು ಕಲಿಯುವುದು ಅವಶ್ಯ.

ಗುರುತು: ಬೆಳೆದ ಮರಿಹುಳುವಿನ ತಲೆಯ ಮೇಲೆ ಇಂಗ್ಲಿಷಿನ ‘ವೈ’ ಅಕ್ಷರವನ್ನು ತಲೆಕೆಳಗು ಮಾಡಿದಂಥ ಬಿಳಿ ಗೆರೆ ಇರುತ್ತದೆ. ಬಾಲದ ಹತ್ತಿರ ಚೌಕಾಕಾರದಲ್ಲಿ ನಾಲ್ಕು ಕಪ್ಪು ಚುಕ್ಕೆಗಳಿರುತ್ತವೆ. ಎಲೆಗಳಲ್ಲಿ ತೂತು, ಸುಳಿಯಲ್ಲಿ ಮರದ ಪುಡಿಯಂಥ ಹಿಕ್ಕೆ ಕಂಡರೆ ಸುಳಿ ಬಿಡಿಸಿ ನೋಡಬೇಕು.

ಹತೋಟಿ:
1. ಬೆಳೆ ಮೊಳೆತಾಗಿನಿಂದ ವಾರಕ್ಕೆ ಎರಡು ಸಲ ಹೊಲ ಸುತ್ತಿ, ಎಲೆಯ ಮೇಲಿನ ತತ್ತಿಯ ಗುಂಪುಗಳನ್ನು ಹಿಸುಕಿ ನಾಶಪಡಿಸಿರಿ. ಒಂದು ಗುಂಪಿನಲ್ಲಿ 100ಕ್ಕೂ ಹೆಚ್ಚು ತತ್ತಿಗಳಿರಬಹುದು.
2. ಮರಿಗಳು ಸಣ್ಣವಿದ್ದಾಗಲೇ ಶೇಕಡಾ 5ರ ಬೇವಿನ ಬೀಜದ ಕಷಾಯ ಸಿಂಪಡಿಸಿರಿ. ಬಲಿತ ಹುಳು ಸುಳಿಯ ಆಳದಲ್ಲಿ ಅಡಗುವುದರಿಂದ ಹತೋಟಿ ಕಷ್ಟ.
3. ಬಾಧೆ ಹೆಚ್ಚಿದರೆ ಪ್ರತಿ ಲೀಟರ್ ನೀರಿಗೆ 0.4 ಗ್ರಾಂ ಎಮಾಮೆಕ್ಟಿನ್ ಬೆಂಜೊಯೇಟ್ 5 ಎಸ್.ಜಿ. ಬೆರೆಸಿ, ಸುಳಿಯೊಳಗೆ ಬೀಳುವಂತೆ ಸಿಂಪಡಿಸಿರಿ. ಔಷಧ ಹೊಡೆದ ಬೆಳೆಯ ಮೇವನ್ನು ಕೂಡಲೇ ದನಗಳಿಗೆ ಹಾಕಬಾರದು.

ಪರಿಚಯವಿಲ್ಲದ ಹುಳುವನ್ನು ಜೀವಂತವಾಗಿ ಊರಿಗೆ ತರಬೇಡಿರಿ. ಕೊಂದು, ಡಬ್ಬಿಯಲ್ಲಿಟ್ಟು, ಊರು ಮತ್ತು ಬೆಳೆಯ ಹೆಸರು ಬರೆದು ರೈತ ಸಂಪರ್ಕ ಕೇಂದ್ರಕ್ಕೆ ತೋರಿಸಿರಿ.