ಮಣ್ಣಿಗೂ ಒಂದು ಮೇರೆ

ಶ್ರವಣಬೆಳಗೊಳದ ಚಿಕ್ಕಬೆಟ್ಟದ ಉತ್ತರಕ್ಕೆ ಜಿನನಾಥಪುರವೆಂಬ ಸಣ್ಣ ಹಳ್ಳಿಯಿದೆ. ಹೊಯ್ಸಳ ವಿಷ್ಣುವರ್ಧನನ ದಂಡನಾಯಕನಾದ ಗಂಗರಾಜನು ಕಟ್ಟಿಸಿದ ಊರಿದು. ಇಲ್ಲಿಯ ಶಾಂತಿನಾಥ ಬಸದಿಯನ್ನು ಕ್ರಿ.ಶ. 1200ರ ಸುಮಾರಿನಲ್ಲಿ ಇಮ್ಮಡಿ ಬಲ್ಲಾಳನ ದಂಡನಾಯಕ ರೇಚಿಮಯ್ಯನು ಕಟ್ಟಿಸಿದನು. ಎಂಟು ಶತಮಾನಗಳಷ್ಟು ಹಳೆಯದಾದ ಈ ಬಸದಿಯನ್ನು ಕಾಪಾಡಬೇಕೆಂಬುದನ್ನು ಯಾರೂ ಅಲ್ಲಗಳೆಯಲಾರರು. ಆದರೆ ಊರ ಸುತ್ತಣ ಹೊಲಗಳ ಮಣ್ಣು ಬಸದಿಗಿಂತಲೂ ಬಹಳ ಹಳೆಯದೆಂಬ ಸಂಗತಿ ಎಷ್ಟು ಮಂದಿಗೆ ಹೊಳೆದೀತು?

ಮಣ್ಣು ಹುಟ್ಟುವ ಬಗೆ

ಈ ಪ್ರದೇಶದ ಅಡಿಯಲ್ಲಿರುವುದು ಗ್ರಾನೈಟ್ ಮತ್ತು ನೈಸ್ ಶಿಲೆಗಳು. ಬಿಸಿಲು, ಮಳೆ, ಬೇರುಗಳ ಹೊಡೆತಕ್ಕೆ ಸಿಕ್ಕಿ ಬಂಡೆ ಶಿಥಿಲವಾಗುತ್ತದೆ. ಅದರಲ್ಲಿರುವ ಫೆಲ್ಡ್‌ಸ್ಪಾರ್ ಖನಿಜವು ನೀರಿನೊಡನೆ ವರ್ತಿಸಿ ಜೇಡಿಯಾಗುತ್ತದೆ. ಗಟ್ಟಿಯಾದ ಸ್ಫಟಿಕಶಿಲೆಯ ಕಣಗಳು ಮರಳಾಗಿ ಉಳಿಯುತ್ತವೆ. ಕಬ್ಬಿಣದ ಆಕ್ಸೈಡುಗಳು ಕೆಂಪು ಬಣ್ಣವನ್ನು ಕೊಡುತ್ತವೆ. ಇದಕ್ಕೆ ಕೊಳೆತ ಎಲೆ, ಬೇರು ಮತ್ತು ಅಸಂಖ್ಯ ಸೂಕ್ಷ್ಮಜೀವಿಗಳು ಸೇರಿದ ಮೇಲೆಯೇ ಅದು ಬೆಳೆ ಕೊಡುವ ಮಣ್ಣಾಗುವುದು. ಹೀಗೆ ಒಂದೇ ಒಂದು ಅಂಗುಲ ಮೇಲ್ಮಣ್ಣು ರೂಪುಗೊಳ್ಳಲು ಹಲವು ನೂರು ವರ್ಷಗಳು ಬೇಕು.

ಒಳ್ಳೆಯ ಮಣ್ಣಿನ ಗಾತ್ರದಲ್ಲಿ ಸುಮಾರು ಅರ್ಧದಷ್ಟು ಬರಿಯ ರಂಧ್ರಗಳೇ. ಗಾಳಿಯೂ ನೀರೂ ನೆಲೆಸುವುದು ಅಲ್ಲಿ. ಒಂದು ಎಕರೆಯ ಮೇಲೆ ಒಂದು ಅಂಗುಲ ಮಳೆ ಸುರಿದರೆ ಬೀಳುವ ನೀರು ಸುಮಾರು ಒಂದು ಲಕ್ಷ ಲೀಟರು. ಉತ್ತ ಹೊಲವು ಅದರ ಬಹುಭಾಗವನ್ನು ಹೀರಿಕೊಂಡು ಬೆಳೆಗೂ ಅಂತರ್ಜಲಕ್ಕೂ ಹಂಚುತ್ತದೆ. ಮನೆ ಕಟ್ಟುವಾಗಲಾದರೋ ಮೇಲ್ಮಣ್ಣನ್ನು ಕೆರೆದು ಹಾಕಿ, ಉಳಿದುದನ್ನು ಯಂತ್ರಗಳಿಂದ ತುಳಿಸಿ, ಕಾಂಕ್ರೀಟಿನಿಂದ ಮುಚ್ಚುತ್ತಾರೆ. ಆಗ ರಂಧ್ರಗಳು ಅಡಗಿ ನೀರು ಚರಂಡಿಯ ಪಾಲಾಗುತ್ತದೆ. ಮುಂದೆಂದಾದರೂ ಮನೆಯನ್ನು ಕೆಡವಿದರೂ ಹೊಲವು ಮರಳಿ ಬರುವುದಿಲ್ಲ.

ಹೊಲವು ನಿವೇಶನವಾಗುವುದು ಹೇಗೆ?

2017ರಲ್ಲಿ ಬೆಂಗಳೂರು–ಹಾಸನ ರೈಲುಮಾರ್ಗವು ಶ್ರವಣಬೆಳಗೊಳದ ಮೂಲಕ ಪೂರ್ಣಗೊಂಡಿತು. 2018ರ ಮಹಾಮಸ್ತಕಾಭಿಷೇಕದ ಕಾಲದಲ್ಲಿ ಯಾತ್ರಿಕರಿಗಾಗಿ ತಾತ್ಕಾಲಿಕ ಉಪನಗರಗಳೆದ್ದವು. ಅವು ಉತ್ಸವದೊಡನೆ ಮುಗಿದವು. ಶಾಶ್ವತ ಬಡಾವಣೆಗಳು ಹಾಗೆ ಮುಗಿಯತಕ್ಕವಲ್ಲ. ರಸ್ತೆ, ರೈಲು ಹತ್ತಿರ ಬಂದಲ್ಲೆಲ್ಲ ಜಮೀನಿನ ಬೆಲೆಯು ಅದರ ಬೆಳೆಯಿಂದಲ್ಲದೆ ನಿವೇಶನದ ಆಸೆಯಿಂದ ನಿರ್ಧಾರವಾಗುವುದು ಲೋಕದ ವಾಡಿಕೆ.

ಒಂದು ಹೊಲ ಬಡಾವಣೆಯಾಯಿತೆನ್ನಿ. ನೆರೆಯ ಹೊಲಕ್ಕೆ ಹೋಗುವ ಬಂಡಿದಾರಿ ಮುಚ್ಚುತ್ತದೆ, ಕಾಲುವೆ ತುಂಡಾಗುತ್ತದೆ, ಚರಂಡಿಯ ನೀರು ಗದ್ದೆಗೆ ನುಗ್ಗುತ್ತದೆ. ಸಾಗುವಳಿ ಕಷ್ಟವಾಗುತ್ತಾ, ಬೆಲೆ ಏರುತ್ತಾ ಹೋದಂತೆ ಆ ರೈತನೂ ಮಾರುತ್ತಾನೆ. ಹೀಗೆ ಒಂದರ ಬೆನ್ನಿಗೆ ಇನ್ನೊಂದು. ಆದುದರಿಂದ ಹೊಲಗಳನ್ನು ಬಿಡಿಬಿಡಿಯಾಗಿ ಕಾಪಾಡಲಾಗದು. ಇಡಿಯ ಬಯಲಿಗೇ ಮೇರೆ ಹಾಕಬೇಕಾಗುತ್ತದೆ. ಇದನ್ನೇ ವಲಯೀಕರಣವೆನ್ನುವರು.

ನಕ್ಷೆಯ ಮೇಲಿನ ಗೆರೆ

ನೆಲವನ್ನು ಉಪಯೋಗಕ್ಕೆ ತಕ್ಕಂತೆ ವಿಂಗಡಿಸುವುದು ನಮಗೆ ಹೊಸದಲ್ಲ. ಕನ್ನಡ ನಾಡಿನ ದಾನಶಾಸನಗಳು ಗದ್ದೆ, ಬೆದ್ದಲು, ತೋಟ ಎಂದು ಬೇರ್ಪಡಿಸಿ, ಅವುಗಳ ಎಲ್ಲೆಗಳನ್ನು ಹೇಳುತ್ತವೆ. ಇಂದು ಈ ಕೆಲಸಕ್ಕೆ ಎರಡು ಕಾಯಿದೆಗಳಿವೆ. 1961ರ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯಿದೆಯ ಪ್ರಕಾರ ಯೋಜನಾ ಪ್ರಾಧಿಕಾರವು ವಾಸ, ವಾಣಿಜ್ಯ, ಕೈಗಾರಿಕೆ, ಕೃಷಿ ಮುಂತಾದ ವಲಯಗಳನ್ನು ನಕ್ಷೆಯಲ್ಲಿ ಗುರುತಿಸುತ್ತದೆ. ಸಾಗುವಳಿಯ ಭೂಮಿಯನ್ನು ಬೇರೆ ಉದ್ದೇಶಕ್ಕೆ ತಿರುಗಿಸಲು ಜಿಲ್ಲಾಧಿಕಾರಿಯ ಅನುಮತಿ ಬೇಕೆಂಬುದು 1964ರ ಭೂಕಂದಾಯ ಕಾಯಿದೆಯ ಮೂಲತತ್ತ್ವ. ಜನರ ಮಾತಿನಲ್ಲಿ ಇದು ‘ಡಿ.ಸಿ. ಕನ್ವರ್ಷನ್’.

ಗೆರೆ ಎಳೆಯುವುದು ಸುಲಭ, ಉಳಿಸುವುದು ಕಷ್ಟ. ಬೆಂಗಳೂರೇ ಇದಕ್ಕೆ ನಿದರ್ಶನ. 1984ರ ನಗರಯೋಜನೆಯು ಊರಿನ ಸುತ್ತ ಹಸಿರು ಪಟ್ಟಿಯನ್ನು ಗೊತ್ತುಮಾಡಿತು. ಅನಂತರದ ಪರಿಷ್ಕರಣೆಗಳಲ್ಲಿ ನಗರದ ಗೆರೆ ಹೊರಸರಿದು ಪಟ್ಟಿ ಕಿರಿದಾಯಿತು. ಗೆರೆ ನಾಳೆ ಸರಿಯುವುದೆಂದು ತಿಳಿದವನು ಇಂದೇ ಹೊಲವನ್ನು ಕೊಂಡು ಪಾಳುಬಿಟ್ಟು ಕಾಯುತ್ತಾನೆ. ಎಂದರೆ, ಅಸ್ಥಿರವಾದ ಗೆರೆಯು ಮಣ್ಣನ್ನು ಕಾಪಾಡುವ ಬದಲು ಜೂಜಿಗೆ ಹಾದಿಮಾಡುತ್ತದೆ.

ಕನ್ನಡಿಗರು ನೆಲೆಸಿರುವ ಕಾಸರಗೋಡಿನಲ್ಲಿ ಇನ್ನೊಂದು ಕ್ರಮವಿದೆ. ಕೇರಳದ 2008ರ ಭತ್ತದ ಗದ್ದೆ ಮತ್ತು ಜೌಗುಭೂಮಿ ಸಂರಕ್ಷಣಾ ಕಾಯಿದೆಯು ಗದ್ದೆಗಳ ಪಟ್ಟಿಯನ್ನು ಸಿದ್ಧಪಡಿಸಿ, ಅವನ್ನು ಮುಚ್ಚುವುದನ್ನು ನಿಷೇಧಿಸುತ್ತದೆ. ಬೇರೆ ನೆಲೆಯಿಲ್ಲದ ಗದ್ದೆಯ ಒಡೆಯನು ಸ್ವಂತ ಮನೆಗೆಂದು ಪಂಚಾಯಿತಿ ಪ್ರದೇಶದಲ್ಲಿ 10 ಸೆಂಟ್‌ವರೆಗೆ ಅನುಮತಿ ಪಡೆಯಬಹುದು. ಇಲ್ಲಿ ಕಾಪಾಡುವುದು ಪಟ್ಟಣದ ಸುತ್ತಲ ಉಂಗುರವನ್ನಲ್ಲ, ಗದ್ದೆಯನ್ನೇ.

ಭಾರ ಯಾರ ಮೇಲೆ?

ಅಮೆರಿಕದ ಆರೆಗನ್ ರಾಜ್ಯವು 1973ರ ಶಾಸನದಿಂದ ಪ್ರತಿ ಪಟ್ಟಣಕ್ಕೂ ಬೆಳವಣಿಗೆಯ ಎಲ್ಲೆಯನ್ನು ವಿಧಿಸಿತು. ಎಲ್ಲೆಯೊಳಗೆ ಸುಮಾರು 20 ವರ್ಷಗಳ ವಸತಿಗೆ ಸಾಲುವಷ್ಟು ಜಾಗವಿರಬೇಕು. ಹೊರಗಿನ ಒಳ್ಳೆಯ ಭೂಮಿ ಬೇಸಾಯಕ್ಕೇ ಮೀಸಲು. ಅಲ್ಲಿಯೂ ಭೂಮಾಲೀಕರು ತಮಗೆ ನಷ್ಟವಾಯಿತೆಂದು ದೂರಿದರು. 2004ರಲ್ಲಿ ಮತದಾರರು ಪರಿಹಾರದ ಹಕ್ಕನ್ನು ಅಂಗೀಕರಿಸಿ, 2007ರಲ್ಲಿ ಅದನ್ನು ಮತ್ತೆ ಬಿಗಿಗೊಳಿಸಿದರು.

ಈ ದೂರು ಅವಜ್ಞೆಗೆ ತಕ್ಕುದಲ್ಲ. ಮಗಳ ಮದುವೆಗೋ ಸಾಲಕ್ಕೋ ಹೊಲವನ್ನೇ ನಂಬಿದ ರೈತನಿಗೆ ‘ನೀನು ಮಾರಬೇಡ, ನಾವು ಉಣ್ಣಬೇಕು’ ಎನ್ನುವುದು ನ್ಯಾಯವಲ್ಲ. ಬೆಳೆಗೆ ತಕ್ಕ ಬೆಲೆ, ನೀರು, ದಾರಿ ಇವು ದೊರೆತರೆ ಮಾತ್ರ ಗೆರೆ ನಿಲ್ಲುತ್ತದೆ. ಮನೆಗಳೂ ಬೇಕಾದುವೇ, ಅವುಗಳಿಗೆ ಕಲ್ಲುನೆಲವನ್ನೂ ಊರೊಳಗಿನ ಖಾಲಿ ನಿವೇಶನಗಳನ್ನೂ ಮೊದಲು ಬಳಸಬಹುದು. ಮನೆಯು ಕಲ್ಲಿನ ಮೇಲೂ ನಿಂತೀತು. ರಾಗಿಯ ಪೈರಿಗೆ ಮಣ್ಣೇ ಬೇಕು.