ಬಿಳಿಗಿರಿಯ ಎಲ್ಲೆಗಳು: ಕ್ಷೇತ್ರದರ್ಶನವೂ ಮಾರ್ಗದರ್ಶಕನೂ

ಬನಶಂಕರಿ ಎಂಬ ಹೆಸರನ್ನು ಈ ಬಡಾವಣೆಯವರಾದ ನಾವು ದಿನಕ್ಕೆ ಹತ್ತು ಸಲ ಉಚ್ಚರಿಸುತ್ತೇವೆ. ಬನದ ಶಂಕರಿ, ಅರ್ಥಾತ್ ವನದೇವತೆ, ಎಂಬ ಅದರ ಅರ್ಥವು ಮಾತ್ರ ನಮ್ಮ ನೆನಪಿಗೆ ಬರುವುದು ಅಪರೂಪ. 1915ರಲ್ಲಿ ದೇವಿಯ ಗುಡಿಯು ಇಲ್ಲಿ ನಿರ್ಮಾಣವಾದಾಗ ಬೆಂಗಳೂರು ನಗರವು ಇನ್ನೂ ದೂರದಲ್ಲಿತ್ತು. ಇಂದು ಬನವಿಲ್ಲ, ಬನದ ಹೆಸರು ಬಸ್ಸಿನ ಹಲಗೆಯ ಮೇಲೆ ಉಳಿದಿದೆ. ಹೆಸರು ಉಳಿದು ಅರ್ಥವು ಮರೆಯಾಗುವ ಈ ಬಗೆಯನ್ನು ಇನ್ನೊಂದು ಬೆಟ್ಟದ ಮೇಲೆ ಕಂಡು, ನನ್ನ ಪಾಂಡಿತ್ಯವನ್ನು ನಾನೇ ಒರೆಗೆ ಹಚ್ಚಿ ನೋಡಬೇಕಾಗಿ ಬಂದ ಪ್ರಸಂಗವೊಂದುಂಟು. ಅದನ್ನು ನಿವೇದಿಸಿ, ಆದಿವಾಸಿಗಳ ಪವಿತ್ರ ನೆಲವನ್ನು ಮಾರ್ಗದರ್ಶಕರೊಡನೆ ಸಂದರ್ಶಿಸುವುದೆಂದರೇನು ಎಂಬುದನ್ನು ಸಹೋದ್ಯೋಗಿಗಳ, ಹಳೆಯ ವಿದ್ಯಾರ್ಥಿಗಳ ಮತ್ತು ದಾನಿಗಳ ಮುಂದೆ ವಿವರಿಸುವುದು ಪ್ರಸ್ತುತ ಲೇಖನದ ಉದ್ದೇಶವಾಗಿದೆ.

ಕೆಲವು ವರ್ಷಗಳ ಹಿಂದೆ ನಮ್ಮ ಶಾಲೆಯ ಮಕ್ಕಳನ್ನು ಬಿಳಿಗಿರಿರಂಗನ ಬೆಟ್ಟಕ್ಕೆ ಪ್ರವಾಸ ಕರೆದೊಯ್ದಿದ್ದೆವು. ಬನಶಂಕರಿಯಿಂದ ಕನಕಪುರದ ರಸ್ತೆ ಹಿಡಿದು ಮಳವಳ್ಳಿ, ಕೊಳ್ಳೇಗಾಲ, ಯಳಂದೂರುಗಳನ್ನು ದಾಟಿ ಬೆಟ್ಟವನ್ನು ಏರಬೇಕು. ಕನ್ನಡ ಪಂಡಿತನಿಗೆ ಈ ದಾರಿಯೇ ಒಂದು ಪಾಠ. ಮಳವಳ್ಳಿಯ ಸೀಮೆಯ ಧನಗೂರು ‘ರಾಜಶೇಖರ ವಿಳಾಸ’ವನ್ನು ರಚಿಸಿದ ಷಡಕ್ಷರದೇವನ ಊರು. ಯಳಂದೂರು ‘ಹದಿಬದೆಯ ಧರ್ಮ’ದ ಸಂಚಿಯ ಹೊನ್ನಮ್ಮನ ನೆಲ. ಇವನ್ನೆಲ್ಲ ಮಕ್ಕಳಿಗೆ ಹೇಳುತ್ತ ಉತ್ಸಾಹದಿಂದಲೇ ಹೋದೆನು. ಲಿಖಿತ ಸಾಹಿತ್ಯದ ಆ ಬಯಲು ಮುಗಿದು, ಬರೆಯದೆಯೇ ಬಾಳಿದ ಸಾಹಿತ್ಯದ ಬೆಟ್ಟವು ಅಲ್ಲಿಂದ ಆರಂಭವಾಗುತ್ತದೆ ಎಂಬ ಎಚ್ಚರವು ನನಗಿರಲಿಲ್ಲ.

ಅರಣ್ಯ ಇಲಾಖೆಯ ಅನುಮತಿ ಪಡೆದು, ಸೋಲಿಗರ ಹಿರಿಯರೊಬ್ಬರನ್ನು ದಾರಿ ತೋರಿಸಲು ಕರೆದುಕೊಂಡು, ದೊಡ್ಡ ಸಂಪಿಗೆಯ ಮರದ ಬಳಿಗೆ ಹೋದೆವು. ಭಾರ್ಗವಿ ಎಂಬ ಹೊಳೆಯ ಸಮೀಪದಲ್ಲಿ ಶತಮಾನಗಳಿಂದ ನಿಂತಿರುವ ಮಹಾವೃಕ್ಷವದು. ಅದರ ಬುಡದಲ್ಲಿ ಲಿಂಗರೂಪದ ಕಲ್ಲುಗಳ ಸಾಲಿದೆ. ನಾನು ಅಲ್ಲಿ ನಿಂತು, ಪ್ರಾಚೀನ ಕಾವ್ಯಗಳ ವನವರ್ಣನೆಯಲ್ಲಿ ಸಂಪಿಗೆಯ ಸ್ಥಾನವೇನು ಎಂಬ ವಿಷಯವಾಗಿ ಅರ್ಧ ಗಂಟೆ ಉಪನ್ಯಾಸ ಮಾಡಿದೆನು. ಅಷ್ಟರಲ್ಲಿ ಕೆಲವು ಹುಡುಗರು ಭಾವಚಿತ್ರಕ್ಕಾಗಿ ಬೇರುಗಳ ಮೇಲೆ ಹತ್ತಿದ್ದರು. ಒಬ್ಬನ ಕಾಲು ಕಲ್ಲೊಂದಕ್ಕೆ ತಾಗಿ ಅದು ಉರುಳಿತು. ಹಿರಿಯರು ಮಾತಾಡದೆ ಬಂದು, ಆ ಕಲ್ಲನ್ನು ಎತ್ತಿ, ಒರೆಸಿ, ಇದ್ದಲ್ಲೇ ಇಟ್ಟರು. ಬಳಿಕ ನನ್ನ ಕಡೆ ತಿರುಗಿ, “ಮೇಷ್ಟ್ರೇ, ಮರದ ವಿಚಾರ ಇಷ್ಟೊಂದು ಹೇಳಿದ್ರಿ. ಬಂದಾಗ ಒಂದು ಸಲ ಕೈ ಮುಗಿದಿದ್ರೆ ಮಕ್ಕಳೂ ಮುಗೀತಿದ್ರು” ಎಂದರು. ಧ್ವನಿಯಲ್ಲಿ ಕೋಪವಿರಲಿಲ್ಲ. “ತಪ್ಪಾಯಿತು, ಯಜಮಾನರೇ” ಎಂದೆನು. ಅಂದಿನ ಉಳಿದ ಹೊತ್ತು ನಾನು ಉಪನ್ಯಾಸ ಮಾಡಲಿಲ್ಲ. ಅವರು ಹೇಳಿದರು, ನಾನು ಮಕ್ಕಳ ಸಾಲಿನಲ್ಲಿ ಕುಳಿತು ಕೇಳಿದೆನು.

ಅಂದು ಕೇಳಿ, ಆಮೇಲೆ ಓದಿ ತಿಳಿದುದರ ಸಾರವಿಷ್ಟು. ಹೊರಗಿನವರಿಗೆ ಒಂದೇ ಕಾಡಾಗಿ ಕಾಣುವ ಈ ಬೆಟ್ಟಸಾಲು ಸೋಲಿಗರಿಗೆ ಅನೇಕ ‘ಎಲ್ಲೆ’ಗಳ ಸಮೂಹ. ಒಂದೊಂದು ಎಲ್ಲೆಯೂ ಒಂದೊಂದು ಕುಲಕ್ಕೆ ಸೇರಿದ್ದು. ಅದರೊಳಗೆ ದೇವರು, ಮಾರಮ್ಮ, ವೀರರು, ಕಲ್ಲುಗುಡಿ, ಅಬ್ಬಿ ಎಂಬ ಪೂಜ್ಯಸ್ಥಾನಗಳಿರುತ್ತವೆ. ಕಲ್ಲುಗುಡಿಯೆಂದರೆ ಗತಿಸಿದ ಹಿರಿಯರ ನೆಲೆ. ಅಬ್ಬಿಯೆಂದರೆ ನೀರಿನ ನೆಲೆ. ಎಲ್ಲೆ, ಅಬ್ಬಿ, ಗುಡಿ ಎಂಬ ಈ ಪದಗಳು ನಮ್ಮ ನಿಘಂಟುಗಳಲ್ಲಿಯೂ ಉಂಟು. ಸೋಲಿಗರ ನುಡಿಯು ಕನ್ನಡಕ್ಕೆ ಅತ್ಯಂತ ನಿಕಟವಾದುದರಿಂದ ಅವರ ಭೂಗೋಳವು ನಮ್ಮ ಕಿವಿಗೆ ಪರಕೀಯವಲ್ಲ. ಸೋಲಿಗರೂ ಬೆಂಗಳೂರಿನ ಏಟ್ರೀ ಸಂಸ್ಥೆಯ ಸಂಶೋಧಕರೂ ಕೂಡಿ ಕಾಡನ್ನು ನಡೆದು ಇಂತಹ ತಾಣಗಳನ್ನು ಗುರುತಿಸಿ ನಕಾಶೆಯನ್ನು ಸಿದ್ಧಪಡಿಸಿದಾಗ, ಅವುಗಳ ಸಂಖ್ಯೆ 489 ಆಯಿತು. ಬೆಟ್ಟದ ಹೆಸರು ಹೊತ್ತ ಮಾಮೂಲು ನಕಾಶೆಯಲ್ಲಿ ನಾವು ಕಾಣುವುದು ಒಂದು ದೇವಾಲಯ, ಕೆಲವು ರಸ್ತೆ, ಒಂದೆರಡು ವಸತಿಗೃಹ, ಇಷ್ಟೇ.

ಆ ಒಂದು ದೇವಾಲಯದ ಕಥೆಯೂ ಸೋಲಿಗರನ್ನು ಬಿಟ್ಟು ಪೂರ್ಣವಾಗುವುದಿಲ್ಲ. ರಂಗಸ್ವಾಮಿಯು ಸೋಲಿಗರ ಹೆಣ್ಣು ಕುಸುಮಾಲೆಯನ್ನು ವರಿಸಿದನೆಂಬುದು ಅವರ ಹಾಡುಗಬ್ಬದ ವಸ್ತು. ಆದಕಾರಣ ದೇವನು ಅವರಿಗೆ ಭಾವನಾಗಬೇಕು. ಬೂದಿತಿಟ್ಟಿನ ಭಕ್ತರು ಎರಡು ವರ್ಷಗಳಿಗೊಮ್ಮೆ ಸ್ವಾಮಿಗೆ ದೊಡ್ಡ ಚರ್ಮದ ಪಾದರಕ್ಷೆಗಳನ್ನು ಅರ್ಪಿಸುತ್ತಾರೆ. ಕಾಡಿನಲ್ಲಿ ಸಂಚರಿಸಿ ದೇವನು ಅವನ್ನು ಸವೆಸುತ್ತಾನೆಂಬುದು ನಂಬಿಕೆ. ದೇವನೇ ಕಾಲ್ನಡಿಗೆಯಲ್ಲಿ ಸುತ್ತುವ ಕಾಡನ್ನು ನಾವು ಜೀಪಿನಲ್ಲಿ ಎರಡು ಗಂಟೆಗಳಲ್ಲಿ ಮುಗಿಸುತ್ತೇವೆ! ಇನ್ನು ಪೂರ್ವದಿಕ್ಕಿನ ಮಲೆಯ ಮಾದೇಶ್ವರನ ಮಹಾಕಾವ್ಯದಲ್ಲಿ ಸೋಲಿಗರ ಸಂಕಮ್ಮ ಹಾಗೂ ಆಕೆಯ ಗಂಡ ನೀಲೇಗೌಡನ ಸಾಲು ಎಷ್ಟು ಪ್ರಸಿದ್ಧವೆಂಬುದನ್ನು ಕಂಸಾಳೆಯವರ ಹಾಡು ಕೇಳಿದ ಈ ಸಂಚಿಕೆಯ ವಾಚಕರಿಗೆ ಹೇಳಬೇಕಾದುದಿಲ್ಲ. ತಾವು ಕಾರಯ್ಯನ ವಂಶದವರೆಂದು ಸೋಲಿಗರು ಹೇಳಿಕೊಳ್ಳುತ್ತಾರೆ. ಆ ಕಾರಯ್ಯನ ಕಥೆಯೂ ಮಾದೇಶ್ವರನ ಕಥೆಯೊಡನೆ ಹೆಣೆದುಕೊಂಡಿದೆ. ಶೈವ ವೈಷ್ಣವಗಳೆರಡನ್ನೂ ಬಂಧುತ್ವದ ಸೂತ್ರದಲ್ಲಿ ಪೋಣಿಸಿಕೊಂಡ ಜನ ಅವರು.

ಇಂತಹ ನೆಲದಲ್ಲಿ ನಡೆದುದೇನು? 1974ರಲ್ಲಿ ಈ ಪ್ರದೇಶವು ವನ್ಯಜೀವಿಧಾಮವಾಯಿತು. ಕಾಡಿನೊಳಗೆ ಸ್ಥಳದಿಂದ ಸ್ಥಳಕ್ಕೆ ಬೇಸಾಯ ಮಾಡುತ್ತಿದ್ದ ಸೋಲಿಗರು ರಸ್ತೆಯಂಚಿನ ಪೋಡುಗಳಲ್ಲಿ ನೆಲಸಬೇಕಾಯಿತು. ನೆಲವನ್ನು ಸಣ್ಣದಾಗಿ ಸುಟ್ಟು ಕಾಡನ್ನು ಹಸನು ಮಾಡುತ್ತಿದ್ದ ಅವರ ‘ತರಗುಬೆಂಕಿ’ಯ ಪದ್ಧತಿಯು ನಿಂತಿತು. ಅದು ನಿಂತ ಮೇಲೆಯೇ ಲಂಟಾನ ಪೊದೆಯು ಕಾಡನ್ನು ಕವಿಯಿತೆಂಬುದು ಅವರ ಹಿರಿಯರ ಅಭಿಪ್ರಾಯ. 2006ರಲ್ಲಿ ಜೇನು, ನೆಲ್ಲಿ ಮುಂತಾದವನ್ನು ಮಾರಾಟಕ್ಕಾಗಿ ಸಂಗ್ರಹಿಸುವುದೂ ನಿಂತುಹೋಯಿತು. ಅದೇ ವರ್ಷದ ಕೊನೆಯಲ್ಲಿ ಸಂಸತ್ತು ಅರಣ್ಯ ಹಕ್ಕುಗಳ ಕಾಯಿದೆಯನ್ನು ಅಂಗೀಕರಿಸಿತು. 2011ರ ಆರಂಭದಲ್ಲಿ ಬೆಟ್ಟವು ಹುಲಿ ಸಂರಕ್ಷಿತ ಪ್ರದೇಶವಾಯಿತು. ಅದೇ ವರ್ಷದ ಅಕ್ಟೋಬರಿನಲ್ಲಿ 25 ಗ್ರಾಮಸಭೆಗಳಿಗೆ ಸಮುದಾಯ ಅರಣ್ಯ ಹಕ್ಕುಪತ್ರಗಳು ದೊರೆತವು. ಹುಲಿಯ ರಕ್ಷಿತಾರಣ್ಯದೊಳಗೆ ಆದಿವಾಸಿಗಳಿಗೆ ಇಂತಹ ಹಕ್ಕು ದೊರೆತುದು ದೇಶದಲ್ಲಿ ಅದೇ ಮೊದಲು. “ನಮ್ಮ ದೇವರ ಹತ್ತಿರ ಹೋಗೋಕೆ ನಾವೇ ಕೇಳ್ಕೊಬೇಕಾಗಿತ್ತು, ಪ್ಯಾಟೆಯವರು ಟಿಕೀಟು ತಗೊಂಡು ಹೋಗೋರು” ಎಂದು ಆ ಹಿರಿಯರು ಆಡಿದ ಮಾತಿನ ಹಿಂದೆ ಇಷ್ಟು ಇತಿಹಾಸವಿದೆ.

ಹೆಸರಿನ ವಿಷಯದಲ್ಲಿಯೂ ಇದನ್ನು ಕಾಣಬಹುದು. ಪ್ರವಾಸಿಗರು ತಂಗುವ ಪ್ರಸಿದ್ಧ ಸ್ಥಳವನ್ನು ಎಲ್ಲರೂ ‘ಕೆ. ಗುಡಿ’ ಎನ್ನುತ್ತಾರೆ. ಅದು ಕ್ಯಾತದೇವರ ಗುಡಿ. ಒಂದಕ್ಷರದ ಸಂಕ್ಷೇಪದಲ್ಲಿ ದೇವರೇ ಮಾಯವಾದನು. ಬನಶಂಕರಿಯಲ್ಲಿ ನಾವು ಹೆಸರನ್ನಿಟ್ಟುಕೊಂಡು ಬನವನ್ನು ಕಳೆದುಕೊಂಡೆವು. ಅಲ್ಲಿ ಬನವಿದ್ದೂ ಹೆಸರು ಸವೆಯುತ್ತಿದೆ.

ಈ ಸಮಸ್ಯೆ ನಮ್ಮೊಬ್ಬರದಲ್ಲ. ಆಸ್ಟ್ರೇಲಿಯಾದಲ್ಲಿ ನೆಲಸಿರುವ ನಮ್ಮ ಹಳೆಯ ವಿದ್ಯಾರ್ಥಿಯೊಬ್ಬನು ಶಾಲೆಗೆ ಬಂದಾಗ, ಆ ಖಂಡದ ನಡುವಣ ಕೆಂಪು ಮರುಭೂಮಿಯಲ್ಲಿರುವ ಉಲೂರು ಎಂಬ ಏಕಶಿಲಾಪರ್ವತದ ಸಂಗತಿಯನ್ನು ತಿಳಿಸಿದನು. 348 ಮೀಟರ್ ಎತ್ತರದ ಆ ಶಿಲೆಯು ಅನಂಗು ಎಂಬ ಮೂಲನಿವಾಸಿಗಳಿಗೆ ಪವಿತ್ರ. ಅವರ ಸೃಷ್ಟಿಕಥೆ, ಧರ್ಮ, ಆಚಾರಗಳೆಲ್ಲವನ್ನೂ ಒಳಗೊಳ್ಳುವ ‘ಜುಕುರ್ಪ’ವು ಆ ಬಂಡೆಯ ಒಂದೊಂದು ಬಿರುಕಿನಲ್ಲಿಯೂ ನೆಲೆಸಿದೆಯೆಂದು ಅವರು ತಿಳಿಯುತ್ತಾರೆ. ಬಿಳಿಯರು 1873ರಲ್ಲಿ ಅದಕ್ಕೆ ತಮ್ಮ ಅಧಿಕಾರಿಯೊಬ್ಬನ ಹೆಸರನ್ನಿಟ್ಟರು. ಮುಂದೆ ಅದನ್ನು ಹತ್ತುವುದೇ ಪ್ರವಾಸಿಗರ ಸಾಹಸವಾಯಿತು. 1985ನೆಯ ಅಕ್ಟೋಬರ್ 26ರಂದು ಸರ್ಕಾರವು ನೆಲದ ಒಡೆತನವನ್ನು ಅನಂಗುಗಳಿಗೆ ಹಿಂದಿರುಗಿಸಿತು. ಅವರು ಅದನ್ನು ರಾಷ್ಟ್ರೀಯ ಉದ್ಯಾನವಾಗಿ 99 ವರ್ಷಗಳ ಗುತ್ತಿಗೆಗೆ ಸರ್ಕಾರಕ್ಕೇ ಕೊಟ್ಟು, ಆಡಳಿತದಲ್ಲಿ ತಾವೂ ಪಾಲುಗೊಂಡರು. ಹತ್ತಬೇಡಿರೆಂದು ಬಹುಕಾಲ ವಿನಂತಿಸಿಕೊಂಡ ಮೇಲೆ, 2019ರ ಅದೇ ಅಕ್ಟೋಬರ್ 26ರಿಂದ ಹತ್ತುವುದು ನಿಷಿದ್ಧವಾಯಿತು. ಈಗ ಯಾತ್ರಿಕರು ಬಂಡೆಯ ಬುಡವನ್ನು ಪ್ರದಕ್ಷಿಣೆಯಾಗಿ ನಡೆಯುತ್ತಾರೆ. ಭಾವಚಿತ್ರ ತೆಗೆಯಬಾರದ ತಾಣಗಳಲ್ಲಿ ಹಾಗೆಂದು ಫಲಕವಿರುತ್ತದೆ. ಅಲ್ಲಿಯೂ ಹಿಂದೆ ಮೂಲನಿವಾಸಿಗಳ ಸಣ್ಣ ಬೆಂಕಿಯ ಪದ್ಧತಿ ನಿಂತುಹೋಗಿ, 1976ರಲ್ಲಿ ಕಾಡ್ಗಿಚ್ಚು ಉದ್ಯಾನದ ಬಹುಭಾಗವನ್ನು ದಹಿಸಿತು. ತರುವಾಯ ಅವರ ಪದ್ಧತಿಗೇ ಮತ್ತೆ ಮನ್ನಣೆ ದೊರೆಯಿತು. ತರಗುಬೆಂಕಿಯ ಮಾತನ್ನು ಕೇಳಿದ್ದ ನನಗೆ ಇದು ಸೋಲಿಗರದೇ ಕಥೆಯೆನಿಸಿತು.

ಹಾಗಾದರೆ ಮಾರ್ಗದರ್ಶಕನ ಕಾರ್ಯವೇನು? ದಾರಿ ತಪ್ಪದಂತೆ ನೋಡಿಕೊಳ್ಳುವುದು ಅದರಲ್ಲಿ ಅತ್ಯಲ್ಪ ಭಾಗ. ಹಳೆಯ ಗ್ರಂಥವೊಂದನ್ನು ಟೀಕೆಯಿಲ್ಲದೆ ಓದಹೊರಟವನು ಅಕ್ಷರವನ್ನು ಕಾಣುತ್ತಾನೆ, ಅರ್ಥವನ್ನು ಕಾಣುವುದಿಲ್ಲ. ನೆಲವೂ ಅಂತಹ ಗ್ರಂಥವೇ ಆದುದರಿಂದ, ಅದರಲ್ಲಿ ಹುಟ್ಟಿ ಬೆಳೆದು ಅದರ ಕಥೆಯನ್ನು ತಂದೆತಾಯಿಗಳ ಬಾಯಿಂದ ಕೇಳಿದವನೇ ಅದಕ್ಕೆ ಟೀಕಾಕಾರನಾಗಬಲ್ಲನು. ಯಾವುದನ್ನು ಹೇಳಬೇಕು, ಯಾವುದನ್ನು ಹೊರಗಿನವರಿಗೆ ಹೇಳಬಾರದು ಎಂಬ ವಿವೇಕವು ಅವನಿಗಿರುತ್ತದೆ. ಎಲ್ಲಿ ನಿಲ್ಲಬೇಕು, ಎಲ್ಲಿ ಸುಮ್ಮನಿರಬೇಕು ಎಂಬುದನ್ನು ಅವನು ತನ್ನ ನಡೆಯಿಂದಲೇ ಕಲಿಸುತ್ತಾನೆ. ನಮ್ಮ ಪರಂಪರೆಯ ಪರಿಭಾಷೆಯಲ್ಲಿ ಹೇಳುವುದಾದರೆ, ಕಲ್ಲು ಮರಗಳು ಸ್ಥಾವರ. ಅವುಗಳ ಅರ್ಥವನ್ನು ಹೊತ್ತು ನಡೆಯುವ ಆ ಮನುಷ್ಯನು ಜಂಗಮ. ಸ್ಥಾವರವನ್ನು ನೋಡಲು ಟಿಕೀಟು ಕೊಂಡು, ಜಂಗಮನನ್ನು ದಾರಿಯ ಬದಿಯಲ್ಲಿ ನಿಲ್ಲಿಸಿ ಹೋಗುವುದು ನಮಗೆ ತಕ್ಕುದಲ್ಲ.

ಆದುದರಿಂದ ನನ್ನ ವಿನಂತಿಯಿಷ್ಟೆ. ಅಧ್ಯಾಪಕರು ಪ್ರವಾಸಕ್ಕೆ ಮೊದಲು ಮಕ್ಕಳಿಗೆ ಅಲ್ಲಿಯ ಜನರ ಪರಿಚಯವನ್ನು ಮಾಡಿಕೊಡಲಿ. ಸ್ಥಳದಲ್ಲಿ ತಾವು ಮೌನವಾಗಿದ್ದು ಅಲ್ಲಿಯವರ ಮಾತಿಗೆ ಎಡೆ ಕೊಡಲಿ. ಹಳೆಯ ವಿದ್ಯಾರ್ಥಿಗಳು ಕುಟುಂಬ ಸಮೇತರಾಗಿ ಬೆಟ್ಟಕ್ಕೆ ಹೋದಾಗ ಸೋಲಿಗರೊಬ್ಬರನ್ನು ಮಾರ್ಗದರ್ಶಕರಾಗಿ ಕರೆದುಕೊಂಡು, ಅವರಿಗೆ ಸಲ್ಲಬೇಕಾದ ಸಂಭಾವನೆಯನ್ನು ಚೌಕಾಶಿಯಿಲ್ಲದೆ ಸಲ್ಲಿಸಲಿ. ಪ್ರವಾಸನಿಧಿಗೆ ಉದಾರವಾಗಿ ನೆರವಾಗುವ ದಾನಿಗಳು ಅದರ ಒಂದಂಶವನ್ನು ಈ ಗೌರವಧನಕ್ಕೆಂದೇ ಮೀಸಲಿಡಲು ಒಪ್ಪಿದರೆ, ಅದು ವಿದ್ಯಾದಾನದ ಲೆಕ್ಕಕ್ಕೇ ಸೇರುವುದು. ಏಕೆಂದರೆ ಅಲ್ಲಿ ಗುರುವು ಆತನೇ.

ಮರುವರ್ಷ ಇನ್ನೊಂದು ತಂಡದೊಡನೆ ಮತ್ತೆ ಹೋದಾಗ, ಸಂಪಿಗೆಯ ಮರವು ಕಾಣುತ್ತಲೇ ನಾನು ಪಾದರಕ್ಷೆಗಳನ್ನು ಬಿಟ್ಟು ಕೈ ಮುಗಿದೆನು. ಹಿಂದೆ ತಿರುಗಿ ನೋಡಲು ಮಕ್ಕಳೆಲ್ಲರೂ ಮುಗಿದಿದ್ದರು. ಹಿರಿಯರು ನಕ್ಕು, “ಈಗ ಹೇಳಿ ಮೇಷ್ಟ್ರೇ, ನಿಮ್ಮ ಪುಸ್ತಕದಾಗೆ ಸಂಪಿಗೆ ಏನಂತದೆ?” ಎಂದು ಕೇಳಿ, ಬೇರಿನ ಪಕ್ಕದಲ್ಲಿ ನನಗೆ ಕುಳಿತುಕೊಳ್ಳಲು ಜಾಗ ಮಾಡಿಕೊಟ್ಟರು.